ಹರಿಗೋಲು ನಿಲ್ಲಿಸಿ ಸೇತುವೆ ಲೆಕ್ಕ: ಸಾಲಿಡ್ ಸ್ಟೇಟ್ ಬ್ಯಾಟರಿಯ ಎರಡು ದಾರಿ

ಆನೆಗೊಂದಿಯಿಂದ ಮಾತಾಡ್ತಿದ್ದೀನಿ. ಎಲೆಕ್ಟ್ರಿಕ್ ಸ್ಕೂಟರ್ ತಗೋಬೇಕು ಅಂದ್ರೆ ಸಾಕು, "ಸ್ವಲ್ಪ ತಡಿ, ಸಾಲಿಡ್ ಸ್ಟೇಟ್ ಬ್ಯಾಟರಿ ಬರುತ್ತೆ, ನಿಮಿಷದಲ್ಲಿ ಚಾರ್ಜ್" ಅಂತಾರೆ. ಬರಲಿ. ಆದ್ರೆ ವೇಗ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ ಅಂತ ಅಳೆಯೋದು ಹೇಗೆ?

ನಮ್ಮೂರಿಂದ ತುಂಗಭದ್ರೆ ದಾಟಿ ಹಂಪಿಗೆ ಹೋಗೋಕೆ ಹರಿಗೋಲು ಇದೆ, ಸುತ್ತಿ ಹೋದರೆ ಬುಕ್ಕಸಾಗರದ ಸೇತುವೆ ಇದೆ. ಬ್ಯಾಟರಿಯ ಎಲೆಕ್ಟ್ರೋಡ್ ಒಳಗೂ ಎರಡು ದಾರಿ. ಲಿಥಿಯಂ ಅಯಾನುಗಳು ಘನ ಎಲೆಕ್ಟ್ರೋಲೈಟ್ ಪುಡಿಯ ಮೂಲಕ ಹೋಗ್ತಾವೆ, ಅದು ಹರಿಗೋಲು. ಎಲೆಕ್ಟ್ರಾನ್‌ಗಳಿಗೆ ಕಾರ್ಬನ್ ಪುಡಿಯೇ ಸೇತುವೆ. ಎರಡೂ ತಲುಪಿದರೇ ಚಾರ್ಜ್ ಕೂರೋದು.

ಸುಮ್ಮನೆ ಮೀಟರ್ ಹಿಡಿದರೆ ಎರಡೂ ಕಲಸಿ ಒಂದೇ ಅಂಕಿ ಬರುತ್ತೆ. ಅದಕ್ಕೆ ವಿಜ್ಞಾನಿಗಳು ಹರಿಗೋಲು ನಿಲ್ಲಿಸ್ತಾರೆ. ಪುಡಿಯನ್ನು ಬಿಲ್ಲೆಯಾಗಿ ಒತ್ತಿ, ಎರಡು ಸ್ಟೀಲ್ ತಟ್ಟೆಗಳ ನಡುವೆ ಇಟ್ಟು, ಸಣ್ಣ ವೋಲ್ಟೇಜ್ ಕೊಡ್ತಾರೆ. ಸ್ಟೀಲ್ ಎಲೆಕ್ಟ್ರಾನ್ ಬಿಡುತ್ತೆ, ಅಯಾನು ಬಿಡಲ್ಲ. ಮೊದಲು ಕರೆಂಟ್ ಜಾಸ್ತಿ ಇರುತ್ತೆ. ಅಯಾನುಗಳು ತಟ್ಟೆ ಹತ್ತಿರ ಜಮಾ ಆಗಿ ನಿಂತಂತೆ ಇಳಿಯುತ್ತೆ. ಕೊನೆಗೆ ಸ್ಥಿರವಾಗಿ ಉಳಿದದ್ದು ಎಲೆಕ್ಟ್ರಾನ್‌ದು.

ಒಂದು ಉದಾಹರಣೆ. 0.1 ವೋಲ್ಟ್‌ಗೆ 1 ಮಿಲಿಆಂಪಿಯರ್ ಉಳಿದರೆ ರೋಧ 100 ಓಮ್. ಬಿಲ್ಲೆ 1 ಮಿ.ಮೀ. ದಪ್ಪ, 1 ಚದರ ಸೆಂ.ಮೀ. ಅಗಲ ಇದ್ದರೆ ವಾಹಕತೆ ಸೆಂ.ಮೀ.ಗೆ 1 ಮಿಲಿಸೀಮೆನ್ಸ್. ದಪ್ಪವನ್ನು ರೋಧ ಮತ್ತು ಅಗಲದಿಂದ ಭಾಗಿಸೋದು, ಅಷ್ಟೇ ಲೆಕ್ಕ.

ಕಾರ್ಬನ್ ಜಾಸ್ತಿ ಹಾಕಿದರೆ ಆಯ್ತಲ್ಲ? ಇಲ್ಲ ರೀ. ಆಗ ಎಲೆಕ್ಟ್ರೋಲೈಟ್‌ಗೆ ಜಾಗ ಕಡಿಮೆಯಾಗಿ ಅಯಾನು ನಿಲ್ಲುತ್ತೆ. ಎಷ್ಟು ಒತ್ತಿದ್ದೀರಿ ಅನ್ನೋದೂ ಮುಖ್ಯ. ದ್ರವ ಸಂದಿಗೆ ತಾನೇ ಹರಿಯುತ್ತೆ, ಪುಡಿ ಹರಿಯಲ್ಲ. ಕಣಕ್ಕೆ ಕಣ ತಾಗದಿದ್ದರೆ ದಾರಿಯೇ ಇಲ್ಲ.

ಘನ ಬ್ಯಾಟರಿಯಲ್ಲಿ ಈ ತಾಗುವಿಕೆಯೇ ದೊಡ್ಡ ಗೋಳು. ಬೆಂಗಳೂರಿನ ಐಐಎಸ್ಸಿಯ ನಾಗ ಫಣಿ ಏಟುಕೂರಿ ಅವರ ತಂಡ 2022ರಲ್ಲಿ ಇದನ್ನೇ ಲಿಥಿಯಂ ಬದಿಯಲ್ಲಿ ತೋರಿಸಿತು. ಲಿಥಿಯಂ, ಎಲೆಕ್ಟ್ರೋಲೈಟ್ ಸೇರುವಲ್ಲಿ ಟೊಳ್ಳು ಬಿದ್ದರೆ ಬ್ಯಾಟರಿ ಶಾರ್ಟ್ ಆಗುವ ದಾರಿ ತೆರೆಯುತ್ತೆ, ಟಂಗ್‌ಸ್ಟನ್‌ನಂಥ ಲೋಹದ ತೆಳು ಪದರ ಅದನ್ನು ತಡಮಾಡುತ್ತೆ ಅಂತ.

ಹಾಗಾಗಿ ಮುಂದಿನ ಸಲ ಯಾರಾದರೂ "ವಾಹಕತೆ ಇಷ್ಟು" ಅಂದರೆ ಎರಡು ಪ್ರಶ್ನೆ ಕೇಳ್ರಿ. ಎಲೆಕ್ಟ್ರಾನ್‌ದಾ, ಅಯಾನಿಂದಾ? ಎಷ್ಟು ಒತ್ತಡದಲ್ಲಿ ಅಳೆದದ್ದು? ಉತ್ತರ ಬಂದಮೇಲೆ ಸ್ಕೂಟರ್ ದುಡ್ಡಿನ ಮಾತು. ಮುಂದಿನ ವಾರ ಸಿಗೋಣ.