ಮಕ್ಕಳ ಕೈಗೆ ಕೊಡಿ
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಆಡಿದ ಮಾತುಗಳು)



ನನಗೆ ಭಾಷಣ ಮಾಡಿ ಅಭ್ಯಾಸವಿಲ್ಲ. ಪೀಣ್ಯದಲ್ಲಿ ಲೇತ್ ಮುಂದೆ ನಿಂತು ಕೆಲಸ ಮಾಡುವವನು. ಆದ್ದರಿಂದ ಈ ಮೇಜಿನ ಮೇಲಿರುವ ಸಾಮಾನಿನ ಬಗ್ಗೆಯೇ ಎರಡು ಮಾತು ಹೇಳುತ್ತೇನೆ.

ಇದು ಮಣ್ಣು ಅಗೆಯುವ ಯಂತ್ರದ ಮಾದರಿ; ಊರಲ್ಲಿ ನಾವೆಲ್ಲ ಹಿಟಾಚಿ ಅನ್ನುತ್ತೇವಲ್ಲ, ಅದು. ಹತ್ತನೇ ತರಗತಿಯಲ್ಲಿದ್ದಾಗ ವಿಜ್ಞಾನ ವಸ್ತುಪ್ರದರ್ಶನಕ್ಕೆಂದು ಮರ, ಡಬ್ಬದ ತಗಡು, ಸಿರಿಂಜುಗಳಿಂದ ಮಾಡಿದ್ದೆವು. ಕೀಲುಗಳಿಗೆ ಮೊಳೆ ಹೊಡೆದವನು ನಾನು. ತೀರ್ಪುಗಾರರೊಬ್ಬರು, "ಸಣ್ಣ ಸಿರಿಂಜನ್ನು ಅಷ್ಟು ದೂರ ಒತ್ತಿದರೂ ದೊಡ್ಡದು ಇಷ್ಟೇ ಸರಿಯುತ್ತದಲ್ಲ, ಏಕಪ್ಪ?" ಎಂದು ನನ್ನನ್ನೇ ಕೇಳಿದರು. ತಲೆ ತಗ್ಗಿಸಿ ನಿಂತೆ. ಆ ವರ್ಷ ವಿಜ್ಞಾನದಲ್ಲಿ ಫೇಲೂ ಆದೆ.

ಕಳೆದ ಬೇಸಿಗೆಯಲ್ಲಿ ಹೆಡ್‌ಮಾಸ್ಟರು ಫೋನ್ ಮಾಡಿ, "ಬೀರುವಿನಲ್ಲಿ ನಿಮ್ಮದೊಂದು ಮಾದರಿ ಇದೆ. ರಿಪೇರಿ ಆಗುತ್ತಾ, ಎಸೆಯೋದಾ?" ಎಂದರು. ಬಂದು ನೋಡಿದೆ. ಸಿರಿಂಜುಗಳು ಸೀಳಿದ್ದವು, ಬಕೆಟ್ ತುಕ್ಕು ಹಿಡಿದಿತ್ತು, ಮೊಳೆಯ ತೂತುಗಳು ಸವೆದು ತೋಳು ಒಂದು ಕಡೆಗೆ ವಾಲಿತ್ತು.

ಕೀಲುಗಳಿಗೆ ಹಿತ್ತಾಳೆ ಬುಷ್, ಸ್ಟೀಲ್ ಪಿನ್ ಮಾಡಲು ಹೊರಟೆ. ಹಿತ್ತಾಳೆ ಮೆದು, ಸವೆದರೆ ಬುಷ್ ಸವೆಯಲಿ, ಪಿನ್ನೂ ತೋಳೂ ಉಳಿಯಲಿ ಎಂಬ ಲೆಕ್ಕ. ಮೊದಲ ಪಿನ್ನನ್ನು ತೂತಿನಷ್ಟೇ, ಸರಿಯಾಗಿ 6 ಮಿ.ಮೀ.ಗೆ ಟರ್ನ್ ಮಾಡಿದೆ. ಒಳಗೆ ಹೋಗಲಿಲ್ಲ. ಸುತ್ತಿಗೆಯಿಂದ ಒಂದೇಟು ಹಾಕಿದೆ. ಹಳೆಯ ಮರ ಸೀಳಿತು. ಕೆಲಸ ಕಲಿಯುವ ಹುಡುಗರಿಗೆ ಯಾವ ತಪ್ಪಿಗೆ ದಿನವೂ ಬೈಯುತ್ತೇನೋ ಅದನ್ನೇ ಮಾಡಿದ್ದೆ. ಆಮೇಲೆ ಅಲ್ಯೂಮಿನಿಯಂ ಪಟ್ಟಿಯಲ್ಲಿ ಹೊಸ ತೋಳು ಮಾಡಿ, ಬುಷ್ ಕೂರಿಸಿ, ತೂತನ್ನು 5.8ಕ್ಕೆ ಕೊರೆದು ರೀಮರ್‌ನಿಂದ 6ಕ್ಕೆ ತಂದೆ. ಪಿನ್ನನ್ನು 5.98ಕ್ಕೆ ಇಳಿಸಿದೆ. ಆ 0.02 ಮಿ.ಮೀ. ಸಂದಿಯಲ್ಲಿ ಎಣ್ಣೆ ನಿಲ್ಲುತ್ತದೆ, ಕೀಲು ತಿರುಗುತ್ತದೆ.

ಸಿರಿಂಜಿನ ಬದಲು ಹಿತ್ತಾಳೆ ಸಿಲಿಂಡರ್, ಒಳಗೆ ರಬ್ಬರ್ ಓ-ರಿಂಗ್. ಕೈಯಿಂದ ಒತ್ತುವುದರ ಒಳವ್ಯಾಸ 10 ಮಿ.ಮೀ., ತೋಳನ್ನು ಎತ್ತುವುದರದ್ದು 20. ವ್ಯಾಸ ಎರಡು ಪಟ್ಟಾದರೆ ವಿಸ್ತೀರ್ಣ ನಾಲ್ಕು ಪಟ್ಟು. ಹಾಗಾಗಿ ಬಲವೂ ನಾಲ್ಕು ಪಟ್ಟು ಸಿಗುತ್ತದೆ. ಆದರೆ ಇಲ್ಲಿ 40 ಮಿ.ಮೀ. ಒತ್ತಿದರೆ ಅಲ್ಲಿ 10 ಮಾತ್ರ ಸರಿಯುತ್ತದೆ. ಅಂದಿನ ಪ್ರಶ್ನೆಗೆ ಉತ್ತರ ಇದೇ. ಪಾಸ್ಕಲ್ ನಿಯಮ ಪುಸ್ತಕದಲ್ಲೇ ಇತ್ತು. ನನಗೆ ಅರ್ಥವಾಗಲು ಲೇತ್ ಬೇಕಾಯಿತು.

ಗುರುಗಳಲ್ಲಿ ಒಂದು ವಿನಂತಿ. ಇದನ್ನು ಮತ್ತೆ ಬೀರುವಿಗೆ ಸೇರಿಸಿ ಬೀಗ ಹಾಕಬೇಡಿ. ಪಿನ್ನುಗಳನ್ನು ಕೈಯಲ್ಲೇ ಕಳಚುವಂತೆ ಮಾಡಿದ್ದೇನೆ. ಮಕ್ಕಳು ಬಿಚ್ಚಲಿ, ಜೋಡಿಸಲಿ. ಮುರಿದರೆ ಮುರಿಯಲಿ, ಅಳತೆಯ ನಕ್ಷೆ ಶಾಲೆಯಲ್ಲಿದೆ, ಮಾಡಿಕೊಡಲು ನಾನಿದ್ದೇನೆ. ಉತ್ತರ ಗೊತ್ತಿಲ್ಲದೆ ತಲೆ ತಗ್ಗಿಸಿ ನಿಂತ ಹುಡುಗನೋ ಹುಡುಗಿಯೋ ಇದ್ದರೆ, ಮೊದಲು ಅವರ ಕೈಗೆ ಕೊಡಿ.