ಎಣ್ಣೆಯ ಸೀಲ್, ತೆಂಗಿನ ಪತಂಗ
(ಉಪನ್ಯಾಸದ ಬರಹರೂಪ)



ಈ ಹೊತ್ತು ಎರಡು ಜೀವಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡೋಣ. ಒಂದು, ಕೆರಿಬಿಯನ್ ಸಮುದ್ರದ ಮಾಂಕ್ ಸೀಲ್. ಎರಡು ಮೀಟರಿಗೂ ಮಿಕ್ಕಿ ಉದ್ದವಿದ್ದ ಕಡಲ ಸಸ್ತನಿ. ಇನ್ನೊಂದು, ಫಿಜಿ ದ್ವೀಪಗಳ ಲೆವುವಾನಾ ಪತಂಗ. ಬೆರಳ ತುದಿಯಲ್ಲಿ ಕೂರಬಲ್ಲಷ್ಟು ಚಿಕ್ಕದು. ಮೊದಲನೆಯದನ್ನು ಮನುಷ್ಯನು ಉಪಯುಕ್ತವೆಂದು ಕೊಂದನು, ಎರಡನೆಯದನ್ನು ಉಪದ್ರವವೆಂದು ಕೊಂದನು.

1494ರಲ್ಲಿ ಕೊಲಂಬಸನ ನಾವಿಕರು ಎಂಟು ಸೀಲ್‌ಗಳನ್ನು ಆಹಾರಕ್ಕಾಗಿ ಕೊಂದರೆಂದು ದಾಖಲೆಯಿದೆ. ಬಳಿಕ ಅದರ ಕೊಬ್ಬಿನ ಎಣ್ಣೆಗಾಗಿ ಶತಮಾನಗಳ ಕಾಲ ಬೇಟೆ ನಡೆಯಿತು. ಮನುಷ್ಯನನ್ನು ಕಂಡು ಬೆದರುವ ಸ್ವಭಾವ ಅದಕ್ಕಿರಲಿಲ್ಲ. ಮರಳ ದಂಡೆಯಲ್ಲಿ ಮಲಗಿದ್ದಲ್ಲಿಯೇ ಸತ್ತಿತು. ಜಮೈಕಾ ಮತ್ತು ನಿಕರಾಗುವಾಗಳ ನಡುವಿನ ಸೆರಾನಿಲ್ಲಾ ದಿಬ್ಬದಲ್ಲಿ 1952ರಲ್ಲಿ ಕಂಡದ್ದೇ ಕೊನೆ. 2008ರಲ್ಲಿ ಅಮೆರಿಕ ಸರ್ಕಾರವು ಅದು ಅಳಿದಿದೆಯೆಂದು ಘೋಷಿಸಿತು. ಅದರ ಮೂಗಿನೊಳಗಷ್ಟೇ ಬಾಳುತ್ತಿದ್ದ ಒಂದು ಬಗೆಯ ನುಸಿಯೂ ಅದರೊಡನೆಯೇ ಹೋಯಿತು.

ಲೆವುವಾನಾದ ಕಥೆ ಬೇರೆ. ಅದರ ಮರಿಹುಳುಗಳು ವೀಟಿ ಲೆವು ದ್ವೀಪದ ತೆಂಗಿನ ಗರಿಗಳನ್ನು ಕೆರೆದು ತಿಂದು ಮರಗಳನ್ನು ಒಣಗಿಸುತ್ತಿದ್ದವು. ಕೊಬ್ಬರಿಯನ್ನೇ ನಂಬಿದ್ದ ಜನ ಕಂಗೆಟ್ಟರು. 1925ರಲ್ಲಿ ವಿಜ್ಞಾನಿಗಳು ಮಲಯದಿಂದ ಒಂದು ಪರೋಪಜೀವಿ ನೊಣವನ್ನು ತಂದು ಬಿಟ್ಟರು. ನೊಣವು ಮರಿಹುಳುವಿನ ಮೇಲೆ ಮೊಟ್ಟೆಯಿಡುತ್ತದೆ. ಮೊಟ್ಟೆಯೊಡೆದ ಹುಳು ಅದರ ಒಡಲನ್ನು ಒಳಗಿನಿಂದಲೇ ತಿನ್ನುತ್ತದೆ. ಕೆಲವೇ ವರ್ಷಗಳಲ್ಲಿ ತೋಟಗಳು ಚೇತರಿಸಿಕೊಂಡವು, ಪತಂಗ ಕಣ್ಮರೆಯಾಯಿತು. ಅದು ಪೂರ್ತಿ ಅಳಿಯಿತೇ ಎಂದು ಪ್ರಶ್ನಿಸುವ ಸಂಶೋಧಕರೂ ಇದ್ದಾರೆ. ಆದರೆ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದು ಅಳಿದ ಜೀವಿ. ಆ ನೊಣವು ಇತರ ಪತಂಗಗಳನ್ನೂ ಬಿಡಲಿಲ್ಲ.

ಫಿಜಿಯ ಬೆಳೆಗಾರರನ್ನು ನಾನು ದೂರುವುದಿಲ್ಲ. ತೋಟ ಒಣಗುವ ಸಂಕಟ ಏನೆಂದು ನಿಮಗೆ ಹೇಳಬೇಕಾಗಿಲ್ಲ. ನಮ್ಮ ತೆಂಗನ್ನು ಕಾಡುವ ಕಪ್ಪುತಲೆ ಹುಳುವೂ ಒಂದು ಪತಂಗದ ಮರಿಯೇ. ಅದರ ವಿರುದ್ಧ ಗೋನಿಯೋಜಸ್ ಎಂಬ ಪುಟ್ಟ ಕಣಜವನ್ನು ನಾವೂ ಬಿಡುತ್ತೇವೆ. ಆದರೆ ಈ ಕಣಜ ನಮ್ಮ ನಾಡಿನದೇ. ಹುಳುವಿನೊಡನೆ ಬಹುಕಾಲದಿಂದ ಬಾಳಿದ್ದು. ಅದು ಹುಳುವನ್ನು ತಗ್ಗಿಸುತ್ತದೆ, ಇಲ್ಲವಾಗಿಸುವುದಿಲ್ಲ. ಹತೋಟಿ ಬೇರೆ, ನಿರ್ಮೂಲನೆ ಬೇರೆ.

ಸೀಲ್‌ಗಾಗಿ ಮರುಗಿದವರುಂಟು, ಪತಂಗಕ್ಕಾಗಿ ಮರುಗಿದವರು ವಿರಳ. ನಮಗೆ ಎಷ್ಟು ಉಪಯೋಗ, ಎಷ್ಟು ನಷ್ಟ ಎಂಬ ಒಂದೇ ಅಳತೆಗೋಲಿನಿಂದ ಜೀವಿಗಳನ್ನು ಅಳೆದರೆ ಎರಡೂ ತುದಿಗಳಲ್ಲಿ ಸಾವೇ ಕಾದಿರುತ್ತದೆ. ಆದ್ದರಿಂದ ಹೊರಗಿನ ಜೀವಿಯೊಂದನ್ನು ನಮ್ಮ ತೋಟಕ್ಕೆ ತರುವೆವೆಂದು ಯಾರೇ ಬಂದರೂ, ಆತ ನನ್ನಂತಹ ವಿಜ್ಞಾನಿಯೇ ಆಗಿದ್ದರೂ, ಮೊದಲು ಕೇಳಿರಿ: ಈ ಹುಳು ಮುಗಿದ ಮೇಲೆ ಅದು ಇನ್ನೇನನ್ನು ತಿನ್ನುತ್ತದೆ?