ಒಳಗೇ ಉಳಿದ ಕೀ

ಕೀ ಒಳಗೇ ಉಳಿದು ಬಾಗಿಲು ಲಾಕ್ ಆಗುವುದು ದುಡಿಮೆಯ ಗಾಡಿಗಳಲ್ಲಿ ಆಗಾಗ ಎದುರಾಗುವ ಫಜೀತಿ. ಈ ವಾರ ತರಕಾರಿ ಮಾರುಕಟ್ಟೆಯ ಮುಂದೆ ಟೊಮೆಟೊ ಕ್ರೇಟು ಹೇರಿಕೊಂಡ ಪಿಕಪ್ ಒಂದು ಹಾಗೆಯೇ ನಿಂತಿತ್ತು. ಎಂಜಿನ್ ಓಡುತ್ತಿತ್ತು. ಕೀ, ಮೊಬೈಲು, ಬಿಲ್ ಪುಸ್ತಕ ಎಲ್ಲವೂ ಗಾಜಿನಾಚೆ ಕಾಣುತ್ತಿದ್ದವು. ಚಾಲಕ ಹೊರಗಿದ್ದ.

ಇದಕ್ಕೆ ಮರೆವೊಂದೇ ಕಾರಣವಲ್ಲ. ಮನೆಯ ಕಾರಿನವರು ದಿನಕ್ಕೆ ನಾಲ್ಕಾರು ಸಲ ಇಳಿದು ಹತ್ತಿದರೆ ಸರಕಿನ ಗಾಡಿಯವನು ಅಂಗಡಿ ಅಂಗಡಿಗೂ ಇಳಿಯಬೇಕು. ಹೆಗಲ ಮೇಲೆ ಮೂಟೆ, ಹಿಂದಿನಿಂದ ಹಾರ್ನ್. ಕೆಲವು ಹಳೆಯ ಗಾಡಿಗಳಲ್ಲಿ ಒಳಗಿನ ಗುಬುಟು ಒತ್ತಿ ಬಾಗಿಲು ದೂಡಿದರೆ ಸಾಕು, ಲಾಕ್ ಬೀಳುತ್ತದೆ. ರಿಮೋಟ್ ಇರುವ ಹಲವು ಗಾಡಿಗಳಲ್ಲಿ ಗುಂಡಿ ಒತ್ತಿ ಅರ್ಧ ನಿಮಿಷದ ಹೊತ್ತು ಯಾವ ಬಾಗಿಲನ್ನೂ ತೆಗೆಯದಿದ್ದರೆ ಅವು ತಾವಾಗಿಯೇ ಮತ್ತೆ ಲಾಕ್ ಆಗುತ್ತವೆ.

ಹಳೆಯ ಗಾಡಿಯಾದರೆ ಮೆಕ್ಯಾನಿಕ್ ತೆಳುವಾದ ಸ್ಟೀಲ್ ಪಟ್ಟಿಯನ್ನು ಗಾಜಿಗೂ ರಬ್ಬರ್ ಬೀಡಿಂಗಿಗೂ ನಡುವೆ ಇಳಿಸಿ, ಒಳಗಿನ ಕಡ್ಡಿಯನ್ನು ಹುಡುಕಿ ಮೀಟುತ್ತಾನೆ. ಕಣ್ಣಿಗೆ ಕಾಣದ ಆ ಕಡ್ಡಿ ಅವನ ಬೆರಳಿಗೆ ಗೊತ್ತು. ಈಗಿನ ಗಾಡಿಗಳ ಬಾಗಿಲೊಳಗೆ ವೈರುಗಳಿರುವುದರಿಂದ ಪಟ್ಟಿ ಇಳಿಸಿದರೆ ಹಾನಿಯಾಗಬಹುದು. ಅಂಥಲ್ಲಿ ಗಾಳಿ ತುಂಬುವ ಸಣ್ಣ ಚೀಲವನ್ನು ಬಾಗಿಲಿನ ಮೇಲಂಚಿಗೆ ತೂರಿಸಿ, ಸಂದು ಮಾಡಿ, ಉದ್ದನೆಯ ಸರಳಿನಿಂದ ಒಳಗಿನ ಹಿಡಿ ಎಳೆಯುತ್ತಾರೆ.

ಒಳಗೆ ಮಗು ಸಿಕ್ಕಿಕೊಂಡಿದ್ದರೆ ಮಾತ್ರ ಮೆಕ್ಯಾನಿಕ್‌ಗೆ ಕಾಯಬಾರದು. ಬಿಸಿಲಿನಲ್ಲಿ ನಿಂತ ಗಾಡಿಯ ಒಳಗಿನ ಶಾಖ ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರಬಲ್ಲದು. ಒಬ್ಬರು 112ಕ್ಕೆ ಕರೆ ಮಾಡುತ್ತಿರುವಾಗಲೇ ಇನ್ನೊಬ್ಬರು ಮಗುವಿನಿಂದ ದೂರದ ಪಕ್ಕದ ಗಾಜನ್ನು, ಅದರ ಮೂಲೆಗೆ ಹೊಡೆದು ಒಡೆಯಬೇಕು.

ಉಳಿದ ಎಲ್ಲ ಸಂದರ್ಭಗಳಿಗೂ ಮದ್ದು ಎರಡನೇ ಕೀ. ಆದರೆ ಅದು ಡ್ಯಾಶ್‌ಬೋರ್ಡಿನಲ್ಲಿದ್ದರೆ ಮೊದಲನೆಯದರ ಜೊತೆಗೇ ಸಿಕ್ಕಿಬೀಳುತ್ತದೆ. ಬಾಡಿಗೆ ಗಾಡಿಯಾದರೆ ಅದು ಬಹುಮಟ್ಟಿಗೆ ಮಾಲೀಕರ ಮನೆಯ ಬೀರುವಿನಲ್ಲಿರುತ್ತದೆ. ಗಾಡಿ ಕಳುವಾದೀತೆಂಬ ಅವರ ಅಳುಕು ಸಹಜವೇ. ಆದರೆ ಇಮ್ಮೊಬಿಲೈಸರ್ ಇರುವ ಗಾಡಿ ಸ್ಟಾರ್ಟ್ ಆಗಬೇಕಾದರೆ ಕೀಯೊಳಗೆ ಚಿಪ್ ಇರಬೇಕು. ಫುಟ್‌ಪಾತಿನ ಕೀ ರಿಪೇರಿಯವನು ಕೊರೆದುಕೊಡುವ ಚಿಪ್ ಇಲ್ಲದ ಸಾದಾ ಕೀ ಬಾಗಿಲನ್ನು ತೆರೆಯುತ್ತದೆಯೇ ಹೊರತು ಎಂಜಿನ್ನನ್ನು ಓಡಿಸದು. ಚಾಲಕನ ಜೇಬಿನಲ್ಲಿ ಇಂಥದ್ದೊಂದು ಕೀ ಇದ್ದರೆ ಅವನ ಒಂದು ದಿನದ ದುಡಿಮೆ ಉಳಿಯುತ್ತದೆ. ಗಾಡಿಯನ್ನೇ ನಂಬಿ ಒಪ್ಪಿಸಿದ ಮಾಲೀಕರು ಈ ಕೀಯನ್ನೂ ಕೊಡಬೇಕು.